ಮೂಗಿನ ಅಳತೆ, ಹೆಸರಿನ ಚೀಟಿ

ನಮ್ಮ ಸೋದರಮಾವ ಬಯ್ಯುವುದಿಲ್ಲ, ಹೊಡೆಯುವುದಿಲ್ಲ, ಯಾರ ತಂಟೆಗೂ ಹೋಗುವುದಿಲ್ಲ. ಅಳೆಯುತ್ತಾರೆ, ಅಷ್ಟೇ. ಹೊನ್ನವಳ್ಳಿಯ ಅವರ ಮನೆಗೆ ನೀವು ಹೋದರೆ ಮೊದಲು ನೀರು ಕೊಡುತ್ತಾರೆ, ಆಮೇಲೆ ಬೆಲ್ಲ ಕೊಡುತ್ತಾರೆ. ಬಾಯಿ ತುಂಬ ಬೆಲ್ಲ ಇದ್ದಾಗ ಯಾರಿಗೂ ಬೇಡ ಎನ್ನಲಾಗುವುದಿಲ್ಲವಲ್ಲ, ಆ ಹೊತ್ತು ನೋಡಿಕೊಂಡು ಜೇಬಿನಿಂದ ವರ್ನಿಯರ್ ಕ್ಯಾಲಿಪರ್ಸ್ ತೆಗೆದು ನಿಮ್ಮ ಮೂಗಿಗೆ ಹಿಡಿಯುತ್ತಾರೆ. ಹೆದರಬೇಡಿ. ಉದ್ದ ಒಂದು, ಅಗಲ ಒಂದು, ಎರಡೇ ಅಳತೆ. ನನ್ನ ಮೂಗನ್ನು ನಾಲ್ಕು ಸಲ ಅಳೆದಿದ್ದಾರೆ, ಇನ್ನೂ ಇದ್ದಲ್ಲೇ ಇದೆ.

ನನ್ನ ಮೂಗನ್ನು ಅಳೆಯುವಾಗ ಅವರಿಗೆ ಸ್ವಲ್ಪ ಹೆಮ್ಮೆ ಜಾಸ್ತಿ. ಯಾಕೆಂದರೆ ಅದು ಅವರ ಮನೆಯ ಮೂಗು. ಹೊನ್ನವಳ್ಳಿಯಲ್ಲಿ ಆ ಮನೆಯವರಿಗೆ ಮೂಗಿನೋರು ಎಂದೇ ಹೆಸರು. ಮೂಗು ಬುಡದಲ್ಲಿ ಸಣ್ಣಗೆ ಹೊರಟು, ನಡುವೆ ಏನೋ ನೆನಪಾದ ಹಾಗೆ ನಿಂತು, ಆಮೇಲೆ ಧಾರಾಳವಾಗಿ ಹರಡಿಕೊಳ್ಳುತ್ತದೆ. ನಮ್ಮಮ್ಮನಿಗೆ ಅದು ಪೂರ್ತಿ ಬಂದಿತ್ತು, ನನಗೆ ಒಂದು ಪಾಲು ಬಂದಿದೆ. ಜಮೀನು ಕೇಳಲಿಲ್ಲ, ತೋಟ ಕೇಳಲಿಲ್ಲ, ಮೂಗು ಮಾತ್ರ ಕೇಳದೆಯೇ ಕೊಟ್ಟು ಕಳಿಸಿದರು.

ಅಳೆಯುವ ಗೀಳು ಮಾವನಿಗೆ ಮೊದಲಿನಿಂದಲೂ ಇದ್ದದ್ದಲ್ಲ. ಮೊದಲಿದ್ದದ್ದು ಚೀಟಿಯ ಗೀಳು. ಅವರು ಮೂವತ್ತು ವರ್ಷಕ್ಕೂ ಮೇಲೆ ತಿಪಟೂರಿನ ಒಂದು ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದರು. ಕಪ್ಪೆ, ಚೇಳು, ಹಾವಿನ ಮರಿ ಎಲ್ಲ ಫಾರ್ಮಲಿನ್ ಬಾಟಲಿಯಲ್ಲಿ ಮುಳುಗಿ ಕೂತಿರುತ್ತಿದ್ದವು, ಅವುಗಳ ಯೋಗಕ್ಷೇಮ ಮಾವನದು. ಬಾಟಲಿಯ ಮೇಲೆ ಚೀಟಿ ಇರಬೇಕು, ಚೀಟಿಯಲ್ಲಿ ಮೂರು ವಿಷಯ ಇರಬೇಕು: ಏನು, ಎಲ್ಲಿ ಸಿಕ್ಕಿದ್ದು, ಯಾರು ಹಿಡಿದದ್ದು. "ಚೀಟಿ ಇಲ್ದಿರೋ ಬಾಟ್ಲಿ ಒಂದೇ, ತಿಪ್ಪೆಗೆ ಹಾಕೋ ಕಸ ಒಂದೇ ಕಣವ್ವ" ಎಂದು ನನಗೆ ಐದು ವರ್ಷವಿದ್ದಾಗಲೇ ಹೇಳಿಕೊಟ್ಟಿದ್ದರು. ಬೇರೆ ಮಕ್ಕಳಿಗೆ ಅವರ ಮಾವಂದಿರು ಕಥೆ ಹೇಳುತ್ತಿದ್ದರು.

ಲ್ಯಾಬಿನಲ್ಲಿ ಅವರಿಗೆ ಒಂದು ವಿಷಯ ಮಾತ್ರ ಗಂಟಲಿಗೆ ಸಿಕ್ಕಿಕೊಂಡಿತ್ತು. ಗಾಜಿನ ಬೀರುವಿನಲ್ಲಿ ಹತ್ತಿ ತುಂಬಿದ ಒಂದು ಹಕ್ಕಿಯಿತ್ತು. ಅದರ ಉದ್ದನೆಯ ಶಾಸ್ತ್ರೀಯ ಹೆಸರಿನ ಕೊನೆಗೆ ಒಬ್ಬ ಇಂಗ್ಲಿಷ್ ದೊರೆಯ ಹೆಸರು ಅಂಟಿಕೊಂಡಿತ್ತು. ಒಂದು ದಿನ ಮೇಷ್ಟ್ರನ್ನು ಕೇಳಿಯೇಬಿಟ್ಟರು.

"ಸಾರ್, ಇದ್ರ ಬಾಲದಾಗೆ ಇರೋದು ಯಾರ ಹೆಸ್ರು?"

"ಆ ಹಕ್ಕೀನ ಕಂಡುಹಿಡಿದ ದೊರೇದು ಕಣಯ್ಯ."

"ಹಂಗಾರೆ ಆ ದೊರೆ ಬರೋಗಂಟ ಇದು ಯಾರಿಗೂ ಕಾಣದಂಗೆ ಹಾರ್ತಿತ್ತಾ ಸಾರ್?"

ಮೇಷ್ಟ್ರು ಬೀರುವಿಗೆ ಬೀಗ ಹಾಕಿದರು. ಆಮೇಲೆ ನಲವತ್ತು ಬಾಟಲಿ ತೊಳೆಯುವ ಕೆಲಸ ಕೊಟ್ಟರು. ವಿಜ್ಞಾನದಲ್ಲಿ ಉತ್ತರ ಇಲ್ಲದ ಪ್ರಶ್ನೆಗೆ ಹೀಗೂ ಒಂದು ಉತ್ತರ ಇದೆ ಎಂದು ಮಾವನಿಗೆ ಅವತ್ತು ಗೊತ್ತಾಯಿತು.

ಮಾವನಿಗೆ ಅದರ ಉರಿ ಯಾಕೆ ಎಂದರೆ, ಅವರ ಮನೆಯಲ್ಲಿ ಹಳೆಯ ಮಾತೊಂದಿತ್ತು. ಮಾವನ ಮುತ್ತಾತನಿಗೆ ಬಾಯಲ್ಲೇ ಹಕ್ಕಿ ಕರೆಯುವ ವಿದ್ಯೆ ಬರುತ್ತಿತ್ತಂತೆ. ಹಕ್ಕಿ ಗುಡ್ಡೆಹಾಕುವ ಒಬ್ಬ ದೊರೆ ಈ ಸೀಮೆಗೆ ಬಂದವನು ಅವರನ್ನು ಜೊತೆಗಿಟ್ಟುಕೊಂಡನಂತೆ. ಇವರು ಕರೆಯುವುದು, ಅವನು ಹೊಡೆಯುವುದು, ಮತ್ತೆ ಇವರೇ ಚರ್ಮ ಸುಲಿದು ಹತ್ತಿ ತುಂಬುವುದು. ಹೊರಡುವ ದಿನ ದೊರೆ ಮುತ್ತಾತನ ಮೂಗಿಗೇ ಕಬ್ಬಿಣದ ಚಿಮಟದಂಥದ್ದು ಹಿಡಿದು ಏನೋ ಬರೆದುಕೊಂಡನಂತೆ, ಒಂದು ಚಾಕು ಇನಾಮು ಕೊಟ್ಟನಂತೆ. ಚಾಕು ಇನ್ನೂ ಮನೆಯಲ್ಲಿದೆ. ಅತ್ತೆ ಅದರಲ್ಲಿ ಹುರುಳಿಕಾಯಿ ಹೆಚ್ಚುತ್ತಾರೆ.

ಅತ್ತೆಯ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ರಿಟೈರಾದ ಮೇಲೆ ಮಾವ ಮನೆಯ ಅಟ್ಟದಲ್ಲೇ ಮ್ಯೂಸಿಯಂ ಮಾಡಿದರು. ನಮ್ಮ ಕಡೆ ಅಟ್ಟ ಎಂದರೆ ಸುಮ್ಮನೆಯೇ? ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲಿ ಮಲಗಿ, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಡಗಡ ಎನ್ನುವ ಹೊತ್ತಿಗೆ ಕೊಬ್ಬರಿ. ಅಂಥ ಅಟ್ಟದ ಅರ್ಧ ಭಾಗವನ್ನು ಗೀಜಗನ ಗೂಡು, ಹಾವಿನ ಪೊರೆ, ನಾಲ್ಕು ಕಣ್ಣಿನ ತೆಂಗಿನ ಚಿಪ್ಪು, ಇಲಿ ಕೊರೆದ ಕಾಯಿಗಳು ಆಕ್ರಮಿಸಿಕೊಂಡವು. ಒಂದೊಂದರ ಮುಂದೆಯೂ ಚೀಟಿ. ಬರೀ ಚೀಟಿಯಾದರೆ ಮಾವ ಹೇಗಾದಾರು? ಪದ್ಯ. ಹಾವಿನ ಪೊರೆಯ ಮುಂದಿನದು ಹೀಗಿದೆ:

ಅಂಗಿ ಬಿಚ್ಚಿಟ್ಟು ಹೋದೋನು ನಾಗಪ್ಪ,
ಹಿತ್ಲಲ್ಲಿ ಕಂಡೋಳು ನನ್ನ ಹೆಂಡ್ತಿ ಕಣಪ್ಪ,
ಕೂಗಿದ್ದು ಕೇಳಿ ಓಡ್ಬಂದೋನು ನಾನಪ್ಪ,
ಹಾವಿಗಿಂತ ಕೂಗೇ ಜೋರಿತ್ತು, ನಂಬ್ರಪ್ಪ.

ಅಟ್ಟದಿಂದ ಚೀಟಿ ಇಳಿದು ಅಡುಗೆಮನೆಗೂ ಬಂತು. ಉಪ್ಪಿನಕಾಯಿ ಭರಣಿಯ ಮೇಲೆ:

ಮಿಡಿ ಮಾವು ಉಪ್ಪು ಖಾರ ಇದರೊಳಗೈತೆ,
ಹಾಕಿದ ಕೈ ಈ ಮನೆ ಯಜಮಾನ್ತೀದೈತೆ,
ಒದ್ದೆ ಸೌಟು ಇಟ್ಟೋನಿಗೆ ಗಾಚಾರ ಕಾದೈತೆ.

"ರೀ, ಈ ಸಲ ಕೊಬ್ಬರಿ ಕಮ್ಮಿ ಆಯ್ತು ಅಂದ್ರೆ ನಿಮ್ಮ ಪದ್ಯಾನೇ ಚೀಲಕ್ಕೆ ತುಂಬಿ ತಿಪಟೂರು ಹರಾಜಿಗೆ ಕಳಿಸ್ತೀನಿ" ಎಂದು ಅತ್ತೆ ಹೇಳುತ್ತಲೇ ಇರುತ್ತಾರೆ.

"ಕಳ್ಸು. ಯಾವ ಗ್ರೇಡು ಅಂತ ಚೀಟಿ ನಾನೇ ಬರ್ಕೊಡ್ತೀನಿ."

ಗಮನಿಸಿದಿರಾ, ಅತ್ತೆ 'ರೀ' ಎಂದರು. ಮದುವೆಯಾಗಿ ನಲವತ್ತೈದು ವರ್ಷವಾಯಿತು, ಗಂಡನ ಹೆಸರು ಅವರ ಬಾಯಿಂದ ಬಂದದ್ದು ನಾನಂತೂ ಕೇಳಿಲ್ಲ. ಗಂಡನದಿರಲಿ, ಗಂಡನ ಮನೆಯ ಹಿರಿಯರ ಹೆಸರನ್ನೂ ಹೇಳುವ ರೂಢಿಯಿಲ್ಲ. ಒಮ್ಮೆ ರೇಷನ್ ಕಾರ್ಡ್ ತಿದ್ದಿಸಲು ಅವರ ಜೊತೆ ಹೋಗಿದ್ದೆ. "ಯಜಮಾನ್ರ ಹೆಸರು ಹೇಳಮ್ಮ" ಎಂದರು ಕೌಂಟರಿನವರು. ಅತ್ತೆ ಮೇಲೆ ತಿರುಗುವ ಫ್ಯಾನು ನೋಡಿದರು, ಗೋಡೆಯ ಕ್ಯಾಲೆಂಡರು ನೋಡಿದರು.

"ಏನಮ್ಮ, ಮರ್ತೋಯ್ತಾ?"

"ಮರೆಯಾಕೆ ಆವಯ್ಯ ಬುಟ್ರೆ ತಾನೆ" ಎಂದ ಅತ್ತೆ ನನ್ನ ಕಡೆ ತಿರುಗಿ, "ನೀನೇ ಹೇಳವ್ವ" ಎಂದರು. ನಾನೇ ಹೇಳಿದೆ.

ಈಗ ಮೂಗಿಗೆ ಬರೋಣ. ನಾನು ತುರುವೇಕೆರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಎರಡು ವರ್ಷದ ಹಿಂದೆ ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ನಮ್ಮ ಸೀಮೆಯ ಹಕ್ಕಿಗಳ ಚಿತ್ರ ಬೇಕಾಗಿತ್ತು. ಭಾನುವಾರ ಮಾವನ ಮನೆಯ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಹುಡುಕುತ್ತಿದ್ದೆ. ಸಮುದ್ರದಾಚೆಯ ದೊಡ್ಡ ಮ್ಯೂಸಿಯಂ ಒಂದು ತನ್ನ ಹಳೆಯ ಸಂಗ್ರಹವನ್ನೆಲ್ಲ ಫೋಟೋ ತೆಗೆದು ಹಾಕಿತ್ತು. ತಿಪಟೂರು ಸೀಮೆಯ ಹಕ್ಕಿಗಳು ಸಾಲಾಗಿ ಬಂದವು. ಕಾಲಿಗೆ ಚೀಟಿ, ಚೀಟಿಯಲ್ಲಿ ಹೆಸರು, ಹೆಸರಿನ ಕೊನೆಗೆ ದೊರೆ. ಬೆರಳು ಜಾರಿಸುತ್ತಾ ಹೋದೆ. ಹಕ್ಕಿಗಳು ಮುಗಿದ ಕೂಡಲೇ ಒಬ್ಬ ಮನುಷ್ಯ ಬಂದ.

ಮೂರು ಫೋಟೋ. ಎದುರಿನಿಂದ ಒಂದು, ಪಕ್ಕದಿಂದ ಒಂದು, ಹಿಂದಿನಿಂದ ಒಂದು. ಮೈಮೇಲೆ ಒಂದು ಪಂಚೆ, ಹಿಂದೆ ತೆಂಗಿನ ಮರ. ಪಕ್ಕದ ಫೋಟೋದಲ್ಲಿ ಮೂಗು ಬುಡದಲ್ಲಿ ಸಣ್ಣಗೆ ಹೊರಟು, ನಡುವೆ ಏನೋ ನೆನಪಾದ ಹಾಗೆ ನಿಂತು, ಆಮೇಲೆ ಧಾರಾಳವಾಗಿ ಹರಡಿಕೊಂಡಿತ್ತು.

ನಾನು ಮೊಬೈಲನ್ನು ಮಾವನ ಕೈಗೆ ಕೊಟ್ಟೆ. ಕೆಳಗೆ ಬರೆದಿದ್ದನ್ನು ಓದು ಎಂದರು. ಓದಿದೆ. ಮೂಗಿನ ಉದ್ದ ಇಷ್ಟು, ಅಗಲ ಇಷ್ಟು, ತಲೆಯ ಸುತ್ತಳತೆ ಇಷ್ಟು. ಚರ್ಮದ ಬಣ್ಣ, ಬಣ್ಣದ ಪಟ್ಟಿಯಲ್ಲಿ ಇಂಥ ನಂಬರು. ಹಕ್ಕಿಗಳನ್ನು ತಂದ ಅದೇ ದೊರೆ ಇದನ್ನೂ ತಂದದ್ದು.

"ಹೆಸ್ರು?" ಎಂದರು ಮಾವ.

"'ಹಳ್ಳಿಯವನು, ಗಂಡಸು, ಹನ್ನೊಂದು' ಅಂತ ಇದೆ ಮಾವ."

ಮಾವ ಎದ್ದು ಒಳಗೆ ಹೋದರು. ಅಳುತ್ತಿದ್ದಾರೇನೋ ಎಂದು ಹಿಂದೆಯೇ ಹೋದೆ. ಕನ್ನಡಿಯ ಮುಂದೆ ನಿಂತು ಲ್ಯಾಬಿನ ಕಾಲದ ವರ್ನಿಯರ್ ಕ್ಯಾಲಿಪರ್ಸಿನಲ್ಲಿ ತಮ್ಮ ಮೂಗು ಅಳೆಯುತ್ತಿದ್ದರು. "ಅರ್ಧ ಮಿಲ್ಲಿಮೀಟ್ರು ನಂದೇ ಜಾಸ್ತಿ. ವಯಸ್ಸಿಗೆ ಬೆಳೆದೈತೆ. ಇವ್ರೇ ಕಣವ್ವ, ನಮ್ಮ ಮುತ್ತಾತ" ಎಂದರು. ಆಮೇಲೆ ಮೆತ್ತಗೆ, "ಹಕ್ಕಿಗೆ ಹೆಸ್ರು ಬರೆದವ್ರೆ, ಹಕ್ಕಿ ಕರೆದೋನಿಗೆ ನಂಬ್ರು ಬರೆದವ್ರಲ್ಲೇ" ಎಂದರು. ಅವತ್ತಿನಿಂದ ಅವರಿಗೆ ಬೇಕಾಗಿದ್ದುದು ಒಂದೇ. ಆ ಚೀಟಿಯಲ್ಲಿ ಒಂದು ಹೆಸರು.

ಅಳೆಯುವ ಗೀಳು ಹಿಡಿದದ್ದು ಆಗ. ಈ ಅಳತೆಯೆಲ್ಲ ಯಾಕಂತೆ ಎಂದು ಕೇಳಿದರು. ಆ ಕಾಲದಲ್ಲಿ ಮೂಗು, ತಲೆ, ಮೈಬಣ್ಣ ಅಳೆದು ಯಾವ ಜನ ಮೇಲು, ಯಾವ ಜನ ಕೀಳು ಎಂದು ಪಟ್ಟಿ ಮಾಡುತ್ತಿದ್ದರು, ಅದನ್ನೇ ವಿಜ್ಞಾನ ಎನ್ನುತ್ತಿದ್ದರು ಎಂದು ನನಗೆ ತಿಳಿದಷ್ಟು ಹೇಳಿದೆ. ಮಾವ ಲ್ಯಾಬಿನ ಮನುಷ್ಯ, ಯಾರೋ ಹೇಳಿದರು ಎಂದು ನಂಬುವವರಲ್ಲ, ಹಾಗೆಯೇ ತಳ್ಳಿಹಾಕುವವರೂ ಅಲ್ಲ. "ನಾನೂ ಅಳೆದು ನೋಡ್ತೀನಿ ಬುಡು" ಎಂದರು.

ತಿಪಟೂರಿನ ಬಸ್ಸಿನಲ್ಲಿ ಕಂಡಕ್ಟರನ ಮೂಗಿಗೆ ಹಿಡಿದಾಗ ಅವನು, "ಯಜಮಾನ್ರೇ, ಇದ್ಕೂ ಹಾಫ್ ಟಿಕೆಟ್ ಹರಿಬೇಕಾ?" ಎಂದ. ಊರಿನ ಪಟೇಲರು ತಮ್ಮ ಮೂಗಿನ ಮೇಲೆ ಬಹಳ ಅಭಿಮಾನವಿದ್ದವರು, ತಾವೇ ಬಂದು ಅಳೆಸಿಕೊಂಡರು. ಅವರ ಎಮ್ಮೆ ಮೇಯಿಸುವ ತಿಮ್ಮಯ್ಯನನ್ನೂ ಮಾವ ಪಕ್ಕದಲ್ಲೇ ಕೂರಿಸಿ ಅಳೆದರು. ಉದ್ದವೂ ಅದೇ, ಅಗಲವೂ ಅದೇ. ಒಂದು ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ. ಪಟೇಲರು ಒಂದು ತಿಂಗಳು ಮಾವನ ಜೊತೆ ಮಾತು ಬಿಟ್ಟರು. ತಿಮ್ಮಯ್ಯ ಒಂದು ತಿಂಗಳು ಪಟೇಲರ ಹಾಗೆ ನಡೆದ.

ಅರವತ್ತಮೂರು ಮೂಗು ಆದ ಮೇಲೆ ಮಾವ ಸಂಶೋಧನೆ ಮುಗಿಯಿತೆಂದು ಸಾರಿ, ಫಲಿತಾಂಶವನ್ನು ಅಟ್ಟದ ಬಾಗಿಲಿಗೆ ಅಂಟಿಸಿದರು:

ಅಳೆದು ನೋಡ್ದೆ ಅರವತ್ಮೂರು ಮೂಗ,
ಮೇಲೂ ಸಿಗಲಿಲ್ಲ, ಕೀಳೂ ಸಿಗಲಿಲ್ಲ ಈಗ,
ಗೊತ್ತಾಗಿದ್ದೊಂದೇ, ಕೇಳ್ರಪ್ಪ ಬೇಗ:
ಸೋರ್ತವೆ ಎಲ್ಲಾವೂ ನೆಗಡಿ ಬಂದಾಗ.

ಫಲಿತಾಂಶ ಬಂದರೂ ಅಳೆಯುವುದು ನಿಲ್ಲಲಿಲ್ಲ. ಕೈಗೆ ಅಭ್ಯಾಸವಾಗಿಬಿಟ್ಟಿತ್ತು.

ಇಷ್ಟಾದ ಮೇಲೆ ಮ್ಯೂಸಿಯಂಗೆ ಕಾಗದ ಬರೆಯುವುದೆಂದು ತೀರ್ಮಾನವಾಯಿತು. ಮಾವ ಬರೆದುಕೊಟ್ಟದ್ದು ಇದು:

ಹಕ್ಕಿಗೆ ಹೆಸ್ರಿಟ್ರಿ, ಹುಳಕ್ಕೂ ಹೆಸ್ರಿಟ್ರಿ,
ಹಕ್ಕಿ ಕರೆದೋನಿಗ್ಯಾಕೆ ನಂಬ್ರು ಕೊಟ್ರಿ?
ಮೂಗಿನ ಉದ್ದ ಅಗಲ ಎಲ್ಲಾ ಬರ್ಕೊಂಡ್ರಿ,
ಮೂಗಲ್ಲಿ ಉಸಿರಾಡ್ದೋನ ಹೆಸ್ರ್ಯಾಕೆ ಬುಟ್ರಿ?

ನಾನು ಇಂಗ್ಲಿಷಿಗೆ ಹಾಕಿ ಓದಿ ತೋರಿಸಿದೆ. "ಪ್ರಾಸ ಎಲ್ಲಿ?" ಎಂದರು. "ಸಮುದ್ರ ದಾಟುವಾಗ ಬಿದ್ದುಹೋಯ್ತು ಮಾವ" ಎಂದೆ. ಮಾವನ ಫೋಟೋವನ್ನೂ ಜೊತೆಗೆ ಕಳಿಸಿದೆವು. ಎದುರಿನಿಂದ ಒಂದು, ಪಕ್ಕದಿಂದ ಒಂದು. ಹಿಂದಿನಿಂದ ತೆಗೆಸಿಕೊಳ್ಳಲು ಮಾತ್ರ ಒಪ್ಪಲಿಲ್ಲ. "ನನ್ನ ಬೆನ್ನು ಅವ್ರಿಗ್ಯಾಕೆ ಬೇಕು?" ಎಂದರು.

ಉತ್ತರ ಬರುವುದಿಲ್ಲ ಎಂದುಕೊಂಡಿದ್ದೆ. ಬಂತು. ಬಹಳ ಮರ್ಯಾದೆಯ ಕಾಗದ. ಪದ್ಯ ಓದಿ ನಮಗೆ ನಾಚಿಕೆಯಾಯಿತು, ಈ ಚೀಟಿ ಹೀಗಿರಬಾರದಾಗಿತ್ತು, ದಯವಿಟ್ಟು ಅವರ ಹೆಸರನ್ನೂ ಅದು ಹೇಗೆ ತಿಳಿದದ್ದೆಂಬುದನ್ನೂ ಬರೆದು ಕಳಿಸಿ, ಸೇರಿಸುತ್ತೇವೆ ಎಂದು ಬರೆದಿದ್ದರು. ನಾನು ಕುಣಿಯುವುದೊಂದು ಬಾಕಿ. "ಹೇಳಿ ಮಾವ, ಮುತ್ತಾತನ ಹೆಸರೇನು? ಈಗಲೇ ಬರೀತೀನಿ."

ಮಾವ ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು.

ಗೊತ್ತಿರಲಿಲ್ಲ.

ಅವರ ಅಪ್ಪ ನಮ್ಮಜ್ಜ ಎನ್ನುತ್ತಿದ್ದರು, ಊರವರು ಮೂಗಿನೋರು ಎನ್ನುತ್ತಿದ್ದರು. ಹೆಸರು ಹಿಡಿದು ಕರೆಯುವುದು ಹಿರಿಯರಿಗೆ ಮರ್ಯಾದೆಯಲ್ಲವೆಂದು ಮನೆಯವರೆಲ್ಲ ಎಷ್ಟು ಮರ್ಯಾದೆ ಕೊಟ್ಟಿದ್ದರೆಂದರೆ, ಹೆಸರೇ ಕಳೆದುಹೋಗಿತ್ತು! ದೊರೆ ಬರೆಯದೆ ಬಿಟ್ಟದ್ದನ್ನು ನಾವು ಹೇಳದೆ ಬಿಟ್ಟಿದ್ದೆವು. ಅತ್ತೆ ಒಲೆಯ ಮುಂದಿನಿಂದಲೇ, "ಉಪ್ಪಿನಕಾಯಿಗೆಲ್ಲ ಚೀಟಿ ಬರೆದ್ರಿ, ನಿಮ್ಮ ಮುತ್ತಾತುಂಗೆ ಒಂದು ಬರ್ದಿಡಬಾರ್ದಾಗಿತ್ತಾ?" ಎಂದರು. ಬೇರೆ ದಿನವಾಗಿದ್ದರೆ ಮಾವ ತಿರುಗಿ ಒಂದು ಮಾತು ಎಸೆಯುತ್ತಿದ್ದರು. ಅವತ್ತು ತಲೆ ತಗ್ಗಿಸಿದರು.

ತಾಲ್ಲೂಕು ಕಚೇರಿಗೆ ಅಲೆದೆವು. ಜಮೀನಿನ ಕಾಗದ ಮಾವನ ತಾತನಿಂದ ಶುರುವಾಗುತ್ತದೆ, ಅದಕ್ಕೆ ಹಿಂದೆ ಮನೆಗೆ ಜಮೀನೇ ಇರಲಿಲ್ಲ. ಪಿತೃಪಕ್ಷದಲ್ಲಿ ಎಡೆ ಇಡುವಾಗಲೂ ನಮ್ಮಲ್ಲಿ 'ಹಿರೀಕರೇ ಬನ್ನಿ' ಎಂದು ಎಲ್ಲರನ್ನೂ ಒಟ್ಟಿಗೇ ಕರೆದುಬಿಡುವುದು. ಕೊನೆಗೆ ಉಳಿದದ್ದು ಕಿಬ್ಬನಹಳ್ಳಿಯ ಲಕ್ಕಮ್ಮಜ್ಜಿ, ಮಾವನ ಅಪ್ಪನ ತಂಗಿ. ತೊಂಬತ್ತು ದಾಟಿದೆ. ಫೋಟೋದಲ್ಲಿರುವವರ ಮೊಮ್ಮಗಳು, ಆದರೆ ಅಜ್ಜಿ ಹುಟ್ಟುವ ಹೊತ್ತಿಗೆ ಅವರಿರಲಿಲ್ಲ. ಅವರ ಹೆಂಡತಿಯ ಮಡಿಲಲ್ಲಿ ಬೆಳೆದವರು.

"ಹೆಸ್ರಾ? ಯಾರು ಹೇಳ್ತಿದ್ರು ಕಣಪ್ಪ ಆಗ? ನಮ್ಮಜ್ಜಿ 'ಅವ್ರು' ಅಂತಿದ್ಲು. ಅಷ್ಟೇಯ" ಎಂದರು ಅಜ್ಜಿ.

ಮಾವ ಗೋಡೆಗೆ ಒರಗಿ ಕೂತುಬಿಟ್ಟರು. ಅಷ್ಟು ದೊಡ್ಡ ಮೂಗಿನ ಮುಖ ಅಷ್ಟು ಸಣ್ಣದಾದದ್ದನ್ನು ನಾನು ನೋಡಿರಲಿಲ್ಲ. ಮಾತು ಬೇರೆ ಕಡೆಗೆ ತಿರುಗಲೆಂದೋ ಏನೋ, ಅಜ್ಜಿ ನನ್ನನ್ನು ವಿಚಾರಿಸತೊಡಗಿದರು. "ನಿನ್ನ ಗಂಡ ಬರ್ಲಿಲ್ವೇನೇ? ಏನವನ ಹೆಸ್ರು?"

"ಸುರೇಶ" ಎಂದೆ.

ಅಜ್ಜಿ ಕೆನ್ನೆಗೆ ಕೈ ಇಟ್ಟುಕೊಂಡರು. "ಅಯ್ಯೋ ಇವಳಾ! ಎಮ್ಮೆ ಕರೆದಂಗೆ ಕರೀತಾಳಲ್ಲಪ್ಪ. ಗಂಡನ ಹೆಸ್ರ ಹಂಗೆ ಬಾಯಿಗೆ ಬಂದಂಗೆ ಹೇಳ್ತಾರೇನೇ? ಹೇಳ್ಲೇಬೇಕು ಅಂದ್ರೆ ಒಗಟು ಕಟ್ಟಿ ಹೇಳ್ಬೇಕು. ಮದ್ವೆ ದಿನ ಹೊಸ್ಲಲ್ಲಿ ಅಡ್ಡ ನಿಂತು ಗಂಡನ ಹೆಸ್ರು ಕೇಳ್ದಾಗ ನಮ್ಮಜ್ಜಿ ಹೇಳಿದ್ಲಂತೆ, ನಂಗೂ ಕಲಿಸಿದ್ಲು, ನೋಡು ಹಿಂಗೆ," ಎಂದವರೇ ಹಲ್ಲಿಲ್ಲದ ಬಾಯಲ್ಲಿ ರಾಗವಾಗಿ ಹೇಳಿದರು:

ಹಿತ್ಲಾಗೊಂದು ಹಿರಿ ತೆಂಗು,
ತೆಂಗಿನ ಮ್ಯಾಲೆ ಗಿಣಿ ಹಿಂಡು,
ಹಿಂಡಿಗೆ ಹಿಂಡೇ ಕರೆಯೋ ಗಂಡು,
ಕೆಂಚಯ್ನೋರ್ನ ಕರ್ಕಂಬಂದೆ ಕೈ ಹಿಡ್ಕಂಡು.

ಹೇಳಿ ಮುಗಿಸಿ, ನನಗೆ ಬುದ್ಧಿ ಕಲಿಸಿದ ಸಂತೋಷದಲ್ಲಿ ಎಲೆಅಡಿಕೆ ತಟ್ಟೆಗೆ ಕೈ ಹಾಕಿದರು. ತಾವೇನು ಹೇಳಿದೆವೆಂದು ಅವರಿಗೆ ಗೊತ್ತೇ ಇರಲಿಲ್ಲ. ಅಟ್ಟದ ಮೂಲೆಯಲ್ಲಿ ಮರೆತ ಕಾಯಿಯ ಹಾಗೆ ಆ ಹೆಸರು ಎಂಬತ್ತು ವರ್ಷ ಅವರೊಳಗೆ ಕೆಡದೆ ಕೂತಿತ್ತು.

"ಅತ್ತೇ, ಇನ್ನೊಂದ್ಸಲ ಹೇಳು" ಎಂದರು ಮಾವ. ಅಜ್ಜಿ ಹೇಳಿದರು. "ಇನ್ನೊಂದ್ಸಲ." ಮೂರನೆಯ ಸಲ ಬರೆದುಕೊಳ್ಳಲು ಪೆನ್ನು ತೆಗೆದವರು ಅದನ್ನು ನನ್ನ ಕೈಗೆ ಕೊಟ್ಟುಬಿಟ್ಟರು. ಹಾವಿನ ಪೊರೆಯ ಮೇಲೂ ಪದ್ಯ ಕಟ್ಟಿದವರಿಗೆ ಅವತ್ತು ಒಂದು ಸಾಲೂ ಹೊಳೆಯಲಿಲ್ಲ. ನಾನೇ ಬರೆದುಕೊಂಡೆ.

"ಕೆಂಚಯ್ಯ ಅಂದ್ರೆ, ಕೆಂಪಗಿದ್ರಾ ಅಜ್ಜಿ?" ಎಂದು ಕೇಳಿದೆ. ಮ್ಯೂಸಿಯಂನ ಬಣ್ಣದ ಪಟ್ಟಿ ನೆನಪಿತ್ತು.

"ಇದ್ಲಿನಂಗಿದ್ರಂತೆ. ಹೆತ್ತೋಳ ಕಣ್ಣಿಗೆ ಕೆಂಪಗೆ ಕಂಡಿರ್ತದೆ, ಇಟ್ಟವ್ಳೆ" ಎಂದರು ಅಜ್ಜಿ.

"ನಿಮ್ಮಜ್ಜಿ ಹೆಸ್ರು ಗೊತ್ತಾ ಅತ್ತೆ?" ಎಂದು ಮಾವ ಹೆದರುತ್ತಲೇ ಕೇಳಿದರು.

"ನಂಗೇ ಇಟ್ಟವ್ರಲ್ಲೋ ಅವಳ ಹೆಸ್ರ. ಲಕ್ಕಮ್ಮ."

ಪದ್ಯವನ್ನು ಅಜ್ಜಿಯ ಹೆಬ್ಬೆಟ್ಟಿನ ಗುರುತಿನೊಂದಿಗೆ ಕಳಿಸಿದೆವು. ಕೆಲವು ವಾರಗಳ ಮೇಲೆ ಮೊಬೈಲು ತೆರೆದರೆ ಹನ್ನೊಂದು ಎಂಬುದು ಹೋಗಿತ್ತು. 'ಕೆಂಚಯ್ಯ, ಹೊನ್ನವಳ್ಳಿ, ಹಕ್ಕಿ ಕರೆಯುವವರು. ಹೆಸರು ತಿಳಿದದ್ದು ಅವರ ಹೆಂಡತಿ ಲಕ್ಕಮ್ಮ ಹೇಳಿದ ಪದ್ಯದಿಂದ.' ಏನು, ಎಲ್ಲಿ, ಯಾರಿಂದ, ಮೂರೂ ಇತ್ತು. ಮಾವ ಕನ್ನಡಕ ಹಾಕಿಕೊಂಡು ನೋಡಿ, "ಚೀಟಿ ಅಂದ್ರೆ ಇದು" ಎಂದರು.

ಆ ವರ್ಷದ ಪಿತೃಪಕ್ಷಕ್ಕೆ ನಾನೂ ಹೋಗಿದ್ದೆ. ಎದುರು ಮುಖದ ಫೋಟೋವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದರು. ಅಟ್ಟದಲ್ಲಿ ಇಡಬಹುದೆಂದು ನಾನಂದುಕೊಂಡಿದ್ದೆ. "ಆವಯ್ಯ ಒಂದು ಮ್ಯೂಸಿಯಂನಾಗೆ ಇದ್ದದ್ದು ಸಾಕು" ಎಂದು ಮಾವ ನಡುಮನೆಯಲ್ಲಿ, ಎಡೆಯ ಮುಂದೆ ಇಟ್ಟರು. ಪೂಜೆಯಾಯಿತು. ಕಾಗೆಗೆ ಇಡಲು ಬಾಳೆಎಲೆ ಹಿಡಿದು ಹಿತ್ತಲಿಗೆ ಹೋದೆವು. ಈ ಸಲ 'ಹಿರೀಕರೇ' ಎಂದು ಒಟ್ಟಿಗೆ ಕರೆಯುವುದಿಲ್ಲ, ಹೆಸರು ಹಿಡಿದೇ ಕರೆಯುತ್ತೇನೆ ಎಂದು ಮಾವ ಬೆಳಗಿನಿಂದ ಹೇಳುತ್ತಿದ್ದರು. ಎಲೆ ಇಟ್ಟರು, ಕೈ ಮುಗಿದರು, ಬಾಯಿ ತೆರೆದರು.

"ಕೆಂ..." ಎಂದವರಿಗೆ ಮುಂದಕ್ಕೆ ಆಗಲಿಲ್ಲ. ಮತ್ತೆ ಪ್ರಯತ್ನಿಸಿದರು. ಕಣ್ಣಿನ ನೀರು ಆ ಮೂಗಿನ ಎರಡೂ ಕಡೆಯಿಂದ ಇಳಿಯುತ್ತಿತ್ತು.

ಆಗ ಅತ್ತೆ, ನಲವತ್ತೈದು ವರ್ಷ ಆ ಮನೆಯ ಯಾವ ಗಂಡಸಿನ ಹೆಸರನ್ನೂ ನಾಲಿಗೆಯ ಮೇಲೆ ತರದ ಅತ್ತೆ, ಕೈಲಿದ್ದ ನೀರಿನ ಚೊಂಬು ಕೆಳಗಿಟ್ಟು ತಲೆಯ ಮೇಲೆ ಸೆರಗು ಎಳೆದುಕೊಂಡರು. ತೆಂಗಿನ ತೋಟದ ಕಡೆ ಮುಖ ಮಾಡಿ, ದೂರದಲ್ಲಿರುವವರಿಗೆ ಕೇಳಿಸಬೇಕು ಎನ್ನುವ ಹಾಗೆ ಕೂಗಿದರು.

"ಕೆಂಚಯ್ಯಾ... ಮನೆಗೆ ಬಾರಪ್ಪ, ಉಣ್ಣೋಕೆ ಬಾ."

ಆಮೇಲೆ ಮಾವನ ಕಡೆ ತಿರುಗಿ ಮೆತ್ತಗೆ, "ನೀವೂ ಕೂಗ್ರಿ, ಎಷ್ಟು ವರ್ಷ ಆಗೈತೋ ಯಾರೂ ಕರೆದು" ಎಂದರು. ಮಾವ ಕೂಗಿದರು. ಮೂಗಿನಲ್ಲಿ ನನಗೂ ಪಾಲಿದೆಯಲ್ಲ, ನಾನೂ ಕೂಗಿದೆ.